ಗೊಜ್ಜಿನ ಬಾಟಲಿ ಮತ್ತು ಟೈಟಲ್ 21

ನ್ಯೂಜೆರ್ಸಿಯ ನಮ್ಮ ಕನ್ನಡ ಕೂಟದಲ್ಲಿ ಯುಗಾದಿ ಇರಲಿ, ರಾಜ್ಯೋತ್ಸವ ಇರಲಿ, ಪುಳಿಯೋಗರೆ ಗೊಜ್ಜು ಮಾಡುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಆಮೇಲೆ ಗೊತ್ತಿದ್ದವರು ಬಾಟಲಿಯಲ್ಲಿ ಹಾಕಿಕೊಡಿ ಎನ್ನತೊಡಗಿದರು. ಜೊತೆಗೆ ಚಟ್ನಿಪುಡಿ, ಉಪ್ಪಿನಕಾಯಿ. ಕೊನೆಗೆ ಪೆನ್ಸಿಲ್ವೇನಿಯಾದಲ್ಲಿ ಇಂಡಿಯನ್ ಗ್ರಾಸರಿ ಅಂಗಡಿ ಇಟ್ಟಿರುವ ಒಬ್ಬರು, "ಲೇಬಲ್ ಸರಿಯಾಗಿ ಹಾಕ್ಕೊಂಡು ಬನ್ನಿ ಮೇಡಂ, ಶೆಲ್ಫ್‌ನಲ್ಲಿ ಇಡ್ತೀನಿ" ಎಂದರು.

"ಸರಿಯಾಗಿ" ಅಂದರೆ ಏನು? ಕೇಳಿದರೆ ಹತ್ತು ಜನ ಹತ್ತು ಮಾತು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು "ಎಫ್‌ಡಿಎ ಅಪ್ರೂವಲ್ ಇಲ್ಲದೆ ಮಾರೋ ಹಾಗಿಲ್ಲ" ಎಂದರು. ಎಫ್‌ಡಿಎ ಅಂದರೆ ಆಹಾರ, ಔಷಧಿ ನೋಡಿಕೊಳ್ಳುವ ಇಲ್ಲಿನ ಕೇಂದ್ರ ಸರ್ಕಾರದ ಇಲಾಖೆ. ಇನ್ನೊಬ್ಬರು "ಸಣ್ಣ ವ್ಯಾಪಾರ ಅಲ್ವಾ ಅಕ್ಕ, ಏನೂ ಬೇಡ, ಸುಮ್ನೆ ಮಾರಿ" ಎಂದರು. ಲೇಬಲ್ ನೋಡಿಕೊಡುವ ಸಲಹೆಗಾರರೊಬ್ಬರು ಕೇಳಿದ ಫೀಸು ನೋಡಿ ನಮ್ಮೆಜಮಾನರು, "ಆ ದುಡ್ಡಿಗೆ ವರ್ಷದ ಹುಣಸೆಹಣ್ಣು ಬರುತ್ತೆ ಕಣೇ" ಎಂದರು. ನಾನು ಅಕೌಂಟ್ಸ್ ಕೆಲಸದವಳು. ಯಾರಾದರೂ ಒಂದು ಲೆಕ್ಕ ಹೇಳಿದರೆ ವೋಚರ್ ಎಲ್ಲಿ ಅಂತ ಕೇಳುವುದು ನನ್ನ ಅಭ್ಯಾಸ. ಇಲ್ಲೂ ಅದನ್ನೇ ಕೇಳಿದೆ. ಇದು ಎಲ್ಲಿ ಬರೆದಿದೆ? ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹಾಗಾಗಿ ನಾನೇ ಹುಡುಕಲು ಕೂತೆ.

ಮೊದಲು ಗೊತ್ತಾಗಬೇಕಾದದ್ದು ಇದು ಯಾರ ಕಾನೂನು ಎಂಬುದು. ಮನೆಯಲ್ಲಿ ಮಾಡಿ ಅದೇ ರಾಜ್ಯದಲ್ಲಿ ಮಾರುವ ತಿಂಡಿಗೆ ಆಯಾ ರಾಜ್ಯದ ನಿಯಮಗಳಿವೆ. ನ್ಯೂಜೆರ್ಸಿ ಇದಕ್ಕೆ ಅವಕಾಶ ಕೊಟ್ಟಿದ್ದೇ 2021ರಲ್ಲಿ, ಎಲ್ಲಾ ರಾಜ್ಯಗಳಿಗಿಂತ ಕೊನೆಗೆ. ಆದರೆ ಬಾಟಲಿ ರಾಜ್ಯದ ಗಡಿ ದಾಟಿ ಪೆನ್ಸಿಲ್ವೇನಿಯಾಕ್ಕೆ ಹೋಯಿತೋ, ಕೇಂದ್ರದ ಕಾನೂನು ಬಂತು. ಅದರಲ್ಲಿ ಮೊದಲೇ ಒಂದು ಸಾಲು ಸಿಕ್ಕಿತು: ಖಾಸಗಿ ಮನೆ 'ಫೆಸಿಲಿಟಿ' ಅಲ್ಲ. ಎಫ್‌ಡಿಎಗೆ ನೋಂದಣಿ ಮಾಡಿಸಬೇಕಾದದ್ದು ಫೆಸಿಲಿಟಿ. ಹಾಗಾಗಿ ಹೊರರಾಜ್ಯಕ್ಕೆ ಮಾರಲು ಮನೆ ಅಡುಗೆಮನೆ ಬಿಟ್ಟು, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕಮರ್ಷಿಯಲ್ ಕಿಚನ್ ಹಿಡಿದೆವು. ಅದರ ಕಥೆ ಇಲ್ಲಿ ಬೇಡ.

ನನಗೆ ದಾರಿ ತೋರಿಸಿದವರು ಲೈಬ್ರರಿಯನ್. ಅಮೆರಿಕದಲ್ಲಿ ಸರ್ಕಾರಿ ಪ್ರಕಟಣೆಗಳನ್ನು ಜನರಿಗೆ ಉಚಿತವಾಗಿ ಓದಲು ಇಡುವ 'ಡಿಪಾಸಿಟರಿ' ಲೈಬ್ರರಿಗಳಿವೆ. ದೇಶದಲ್ಲಿ ಸಾವಿರಕ್ಕೂ ಹೆಚ್ಚು ಇವೆ. ಹತ್ತಿರದ್ದಕ್ಕೆ ಹೋಗಿ ಕೇಳಿದಾಗ ಅಲ್ಲಿನ ಹಿರಿಯ ಹೆಂಗಸು ಮೊದಲೇ ಹೇಳಿಬಿಟ್ಟರು, ನಿಮಗೆ ಯಾವ ನಿಯಮ ಅನ್ವಯಿಸುತ್ತದೆ ಅಂತ ನಾನು ಹೇಳುವ ಹಾಗಿಲ್ಲ, ಅದು ವಕೀಲರ ಕೆಲಸ, ಎಲ್ಲಿ ಹುಡುಕಬೇಕು ಅಂತ ಮಾತ್ರ ತೋರಿಸುತ್ತೇನೆ ಎಂದು. ನನಗೆ ಬೇಕಾಗಿದ್ದೂ ಅಷ್ಟೇ.

ಅವರು ಒಂದು ಹಾಳೆಯ ಮೇಲೆ ನಾಲ್ಕು ಗೆರೆ ಎಳೆದರು. ಎಲ್ಲಕ್ಕಿಂತ ಮೇಲೆ ಕಾಯ್ದೆ. ಇಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಮಾಡಿದ್ದು. ಅದು 'ಯು.ಎಸ್. ಕೋಡ್' ಎಂಬ ಸಂಗ್ರಹದಲ್ಲಿ ಇರುತ್ತದೆ. ಎರಡನೆಯದು ನಿಯಮ. ಕಾಯ್ದೆ ಕೊಟ್ಟ ಅಧಿಕಾರದಲ್ಲಿ ಎಫ್‌ಡಿಎ ಥರದ ಇಲಾಖೆಗಳು ಮಾಡುವುದು. ಅದು 'ಕೋಡ್ ಆಫ್ ಫೆಡರಲ್ ರೆಗ್ಯುಲೇಷನ್ಸ್'ನಲ್ಲಿ, ಎಲ್ಲರ ಬಾಯಲ್ಲಿ ಸಿಎಫ್‌ಆರ್. ಮೂರನೆಯದು 'ಫೆಡರಲ್ ರಿಜಿಸ್ಟರ್', ನಮ್ಮ ಗೆಜೆಟ್ ಇದ್ದ ಹಾಗೆ, ಸರ್ಕಾರಿ ಕೆಲಸದ ದಿನಗಳಲ್ಲಿ ಪ್ರತಿದಿನ ಬರುತ್ತದೆ. ಹೊಸ ನಿಯಮದ ಕರಡು, ಅಂತಿಮ ನಿಯಮ ಎಲ್ಲಾ ಮೊದಲು ಅಲ್ಲಿ. ಕೊನೆಯದು 'ಗೈಡೆನ್ಸ್', ಇಲಾಖೆ ತನ್ನ ಅಭಿಪ್ರಾಯ ಹೇಳುವ ಕಾಗದ. ಅದರ ಪುಟಗಳ ತಲೆಯ ಮೇಲೇ 'ಇದರಲ್ಲಿರುವುದು ಕಡ್ಡಾಯವಲ್ಲದ ಶಿಫಾರಸು' ಎಂದು ಅಚ್ಚಾಗಿರುತ್ತದೆ.

ತಮಾಷೆ ಏನೆಂದರೆ, ಗೂಗಲ್‌ನಲ್ಲಿ ಹುಡುಕಿದರೆ ಈ ಪಟ್ಟಿ ತಲೆಕೆಳಗಾಗಿ ಬರುತ್ತದೆ. ಮೊದಲು ಯಾರದೋ ಕಂಪನಿಯ ಜಾಹೀರಾತು. ಆಮೇಲೆ ಗೈಡೆನ್ಸ್, ಯಾಕೆಂದರೆ ಅದು ಸುಲಭ ಭಾಷೆಯಲ್ಲಿ ಇರುತ್ತದೆ. ಆಮೇಲೆ ಎಲ್ಲೋ ಕೆಳಗೆ ನಿಯಮ. ಕಾಯ್ದೆ ಎರಡನೇ ಪುಟದಲ್ಲಿ. ಓದಲು ಸುಲಭವಾದದ್ದೇ ಎಲ್ಲಕ್ಕಿಂತ ಕಡಿಮೆ ತೂಕದ್ದು. ಹಾಗಾಗಿ ನಾನು ಗೂಗಲ್ ಬಿಟ್ಟು ನೇರ ಮೂಲಕ್ಕೆ ಹೋಗುವುದನ್ನು ಕಲಿತೆ. ಕಾಯ್ದೆಗೆ ಪ್ರತಿನಿಧಿ ಸಭೆಯ ಕಚೇರಿಯೊಂದು ನಡೆಸುವ ಯು.ಎಸ್. ಕೋಡ್ ತಾಣ. ನಿಯಮಕ್ಕೆ ಇ-ಸಿಎಫ್‌ಆರ್, ಅಂದರೆ ಸಿಎಫ್‌ಆರ್‌ನ ಅಂತರ್ಜಾಲ ರೂಪ. ಎರಡೂ ಪುಕ್ಕಟೆ. ಕಾರ್ನೆಲ್ ವಿಶ್ವವಿದ್ಯಾಲಯದ ಲೀಗಲ್ ಇನ್ಫರ್ಮೇಷನ್ ಇನ್‌ಸ್ಟಿಟ್ಯೂಟ್ 1992ರಿಂದ ಇದೇ ಕೆಲಸ ಮಾಡುತ್ತಿದೆ. ಅವರ ಪುಟಗಳಲ್ಲಿ ಒಂದು ಸೆಕ್ಷನ್‌ನಿಂದ ಇನ್ನೊಂದಕ್ಕೆ ಹಾರುವುದು ಆರಾಮ. ಆದರೂ ಕೊನೆಗೊಮ್ಮೆ ಸರ್ಕಾರಿ ತಾಣದಲ್ಲಿ ತಾಳೆ ನೋಡುವುದು ಒಳ್ಳೆಯದು.

ಸಿಎಫ್‌ಆರ್‌ನಲ್ಲಿ 50 ಟೈಟಲ್‌ಗಳಿವೆ. ಆಹಾರ, ಔಷಧಿ 21ನೇ ಟೈಟಲ್. ಅದರೊಳಗೆ ಅಧ್ಯಾಯ, ಉಪಅಧ್ಯಾಯ, ಪಾರ್ಟ್, ಸೆಕ್ಷನ್. '21 ಸಿಎಫ್‌ಆರ್ 101.4' ಅಂದರೆ ಟೈಟಲ್ 21, ಪಾರ್ಟ್ 101, ಅದರ ನಾಲ್ಕನೇ ಸೆಕ್ಷನ್. ಊರು, ಬೀದಿ, ಮನೆ ನಂಬರಿನ ವಿಳಾಸದ ಹಾಗೆ. ಒಮ್ಮೆ ಇದು ಕೈಗೆ ಹತ್ತಿದರೆ ಯಾವ ಟೈಟಲ್ಲೂ ಹೆದರಿಸುವುದಿಲ್ಲ. ಒಂದು ತೊಡಕು ಮಾತ್ರ ಇದೆ. ಯು.ಎಸ್. ಕೋಡ್‌ನಲ್ಲೂ ಆಹಾರ, ಔಷಧಿ 21ನೇ ಟೈಟಲ್ಲೇ. ಎರಡೂ ಕಡೆ 21 ನೋಡಿ ಒಂದೇ ಪುಸ್ತಕ ಅಂದುಕೊಳ್ಳಬಾರದು. ಎಲ್ಲಾ ಟೈಟಲ್‌ಗಳೂ ಹೀಗೆ ಜೋಡಿಯಾಗಿಯೂ ಇಲ್ಲ. ಸಿಎಫ್‌ಆರ್‌ನಲ್ಲಿ 40 ಪರಿಸರಕ್ಕೆ ಸೇರಿದ್ದು, ಯು.ಎಸ್. ಕೋಡ್‌ನಲ್ಲಿ 40 ಸರ್ಕಾರಿ ಕಟ್ಟಡಗಳಿಗೆ.

ಇನ್ನೊಂದು ತೊಡಕು ಕಾಯ್ದೆಗೇ ಎರಡು ನಂಬರ್ ಇರುವುದು. ಆಹಾರ ಕಾಯ್ದೆ 1938ರದ್ದು. ಎಫ್‌ಡಿಎ ಕಾಗದಗಳಲ್ಲಿ 'ಸೆಕ್ಷನ್ 403' ಅಂತ ಬರೆದಿರುತ್ತದೆ. ಅದು ಮೂಲ ಕಾಯ್ದೆಯ ನಂಬರ್. ಯು.ಎಸ್. ಕೋಡ್‌ಗೆ ಹೋಗಿ 403 ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಅದು 343. ತಪ್ಪು ಲೇಬಲ್ ಇರುವ ಆಹಾರ ಅಂದರೆ ಏನು ಅಂತ ಹೇಳುವ ಸೆಕ್ಷನ್ ಅದು. 402 ಅಲ್ಲಿ 342 ಆಗುತ್ತದೆ, ಕಲಬೆರಕೆ ಆಹಾರದ ಸೆಕ್ಷನ್. ಹೀಗೆ ಜೋಡಿ ನಂಬರ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಪಕ್ಕ ಅಂಟಿಸಿಕೊಂಡೆ.

ಈಗ ಗೊಜ್ಜಿಗೆ ಬರೋಣ. ಹುಣಸೆಹಣ್ಣು, ಬೆಲ್ಲ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಮೆಂತ್ಯ, ಎಳ್ಳು, ಕಡಲೇಕಾಯಿ ಬೀಜ, ಇಂಗು, ಅರಿಶಿನ, ಎಣ್ಣೆ, ಉಪ್ಪು. ಇಷ್ಟನ್ನು ಒಂದು ಲೇಬಲ್ ಮೇಲೆ ಬರೆಯಬೇಕು. ತೂಕದಲ್ಲಿ ಯಾವುದು ಜಾಸ್ತಿಯೋ ಅದು ಮೊದಲು, ಕಡಿಮೆ ಇರುವುದು ಕೊನೆಗೆ. ಅದು 101.4. ಇಲ್ಲಿಯವರೆಗೆ ಸಲೀಸು.

ಎಳ್ಳು ನನ್ನನ್ನು ಸುಸ್ತು ಮಾಡಿತು. ಅಲರ್ಜಿ ಮಾಡುವ ಪದಾರ್ಥಗಳನ್ನು ಎದ್ದು ಕಾಣುವ ಹಾಗೆ ಬರೆಯಬೇಕು, ಅದರಲ್ಲಿ ಎಳ್ಳೂ ಇದೆ ಅಂತ ಎಲ್ಲರೂ ಹೇಳುತ್ತಾರೆ. ಇ-ಸಿಎಫ್‌ಆರ್‌ನ ಲೇಬಲ್ ಪಾರ್ಟ್ ಪೂರ್ತಿ ಜಾಲಾಡಿದರೂ ಹಾಗೆ ಹೇಳುವ ಸೆಕ್ಷನ್ ಸಿಗಲಿಲ್ಲ. ಲೈಬ್ರರಿಯನ್ ಎಳೆದ ಗೆರೆಗಳು ನೆನಪಾದವು. ಎರಡನೇ ಸಾಲಿನಲ್ಲಿ ಇಲ್ಲವೆಂದರೆ ಒಂದನೇ ಸಾಲಿಗೆ ಹೋಗು! ಹೌದು, ಅದು ನಿಯಮದಲ್ಲಿಲ್ಲ, ನೇರ ಕಾಯ್ದೆಯಲ್ಲೇ ಇದೆ. 2004ರ ಕಾಯ್ದೆಯೊಂದು ಎಂಟು ಪದಾರ್ಥ ಹೆಸರಿಸಿತ್ತು: ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ ಜಾತಿ, ಮರದ ಬೀಜಗಳು, ಗೋಧಿ, ಕಡಲೇಕಾಯಿ, ಸೋಯಾ. ಒಂಬತ್ತನೆಯದಾಗಿ ಎಳ್ಳು ಸೇರಿದ್ದು 2021ರ ಏಪ್ರಿಲ್‌ನಲ್ಲಿ ಸಹಿಯಾದ 'ಫಾಸ್ಟರ್ ಆ್ಯಕ್ಟ್'ನಿಂದ, ಪಬ್ಲಿಕ್ ಲಾ 117-11. ಪಬ್ಲಿಕ್ ಲಾ ನಂಬರ್ ಓದುವುದೂ ಸುಲಭ. ಅಂದರೆ 117ನೇ ಕಾಂಗ್ರೆಸ್ ಮಾಡಿದ ಹನ್ನೊಂದನೇ ಕಾಯ್ದೆ.

ಯು.ಎಸ್. ಕೋಡ್‌ನಲ್ಲಿ ಇದು ಸೇರಿಕೊಂಡ ಜಾಗ 21ನೇ ಟೈಟಲ್, ಸೆಕ್ಷನ್ 321. ಅದು ಪೂರ್ತಿ ವ್ಯಾಖ್ಯೆಗಳ ಸೆಕ್ಷನ್. ಎ ಇಂದ ಝಡ್ ವರೆಗೆ ಮುಗಿದು, ಮತ್ತೆ ಜೋಡಿ ಅಕ್ಷರಗಳಲ್ಲಿ ಶುರುವಾಗಿ, 'ಕ್ಯೂಕ್ಯೂ' ತನಕ ಬಂದಾಗ ಎಳ್ಳು ಸಿಗುತ್ತದೆ. ಅಲ್ಲಿ ಓದಿದರೆ ಎಳ್ಳು 'ಪ್ರಮುಖ ಅಲರ್ಜಿಕಾರಕ' ಅಂತ ಇದೆಯೇ ಹೊರತು ಯಾವತ್ತಿನಿಂದ ಅಂತ ಇಲ್ಲ. ಆ ದಿನಾಂಕ ಸೆಕ್ಷನ್ ಮುಗಿದ ಮೇಲೆ ಸಣ್ಣ ಅಕ್ಷರದ ಟಿಪ್ಪಣಿಗಳಲ್ಲಿ ಕೂತಿದೆ. 2023ರ ಜನವರಿ 1ರಿಂದ ಮಾರಾಟಕ್ಕೆ ಹೊರಡುವ ಆಹಾರಕ್ಕೆ ಅನ್ವಯ. ಟಿಪ್ಪಣಿ ಅಂತ ಯಾರೂ ಓದುವುದಿಲ್ಲ, ಆದರೆ ಅದೂ ಕಾಂಗ್ರೆಸ್ ಮಾಡಿದ ಕಾನೂನೇ. ಅವತ್ತಿನಿಂದ ಯಾವ ಸೆಕ್ಷನ್ ತೆರೆದರೂ ನಾನು ಮೊದಲು ತುದಿಗೆ ಹೋಗಿ ಟಿಪ್ಪಣಿ ನೋಡುತ್ತೇನೆ.

ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಅಲರ್ಜಿಕಾರಕದಿಂದ ತೆಗೆದ, ತುಂಬಾ ಶುದ್ಧೀಕರಿಸಿದ ಎಣ್ಣೆಗೆ ವಿನಾಯಿತಿ. ಒಗ್ಗರಣೆಗೆ ನಾನು ಹಾಕುವುದು ಗಾಣದ ಎಳ್ಳೆಣ್ಣೆ. ಅದಕ್ಕೆ ಆ ವಿನಾಯಿತಿ ಸಿಗುವುದಿಲ್ಲ ಬಿಡಿ.

ಇಂಗಿನ ವಿಷಯ ಇನ್ನೂ ಸ್ವಾರಸ್ಯ. ನಾವು ಅಂಗಡಿಯಲ್ಲಿ ತರುವುದು ಅಪ್ಪಟ ಇಂಗಲ್ಲ, ಕೂಟು ಇಂಗು. ಡಬ್ಬಿ ತಿರುಗಿಸಿ ನೋಡಿದರೆ ಗೋಧಿ ಹಿಟ್ಟೋ ಮೈದಾವೋ ಇರುತ್ತದೆ. ನಿಯಮದ ಪ್ರಕಾರ ಒಂದು ಪದಾರ್ಥದೊಳಗೆ ಬೇರೆ ಪದಾರ್ಥಗಳಿದ್ದರೆ ಅವನ್ನೂ ಹೇಳಬೇಕು. ಕಾಯ್ದೆಯ ಪ್ರಕಾರ ಗೋಧಿ ಅಲರ್ಜಿಕಾರಕ. ಎರಡೂ ಸೇರಿ, ಚಿಟಿಕೆ ಇಂಗಿನಿಂದಾಗಿ ನನ್ನ ಗೊಜ್ಜಿನ ಬಾಟಲಿ ಮೇಲೆ 'ಗೋಧಿ ಇದೆ' ಎಂದು ಬರೆಯಬೇಕು. ಇದನ್ನು ಕೂಟದಲ್ಲಿ ಹೇಳಿದಾಗ ಒಬ್ಬ ಹಿರಿಯರು, "ಪುಳಿಯೋಗರೆಗೆ ಎಲ್ಲಿಂದಮ್ಮ ಗೋಧಿ?" ಅಂತ ನಕ್ಕರು. ಆದರೆ ಗೋಧಿ ಆಗದ ಮಗು ಇರುವ ಮನೆಯವರು ನಗುವುದಿಲ್ಲ. ಕೊನೆಗೆ ಅಕ್ಕಿ ಹಿಟ್ಟು ಹಾಕಿದ ಇಂಗು ಹುಡುಕಿ ತಂದೆ. ಲೇಬಲ್‌ನಿಂದ ಒಂದು ಪದ ಇಳಿಯಿತು. ಕಾನೂನು ಓದಿದ್ದಕ್ಕೆ ಅಡುಗೆ ಬದಲಾಯಿತು ನೋಡಿ.

ಅರಿಶಿನಕ್ಕೂ ಒಂದು ಸಾಲಿದೆ. ಮಸಾಲೆಗಳನ್ನು ಒಂದೊಂದಾಗಿ ಹೆಸರಿಸದೆ ಬರೀ 'ಮಸಾಲೆ' ಅಂತ ಬರೆಯಲು 101.22 ಬಿಡುತ್ತದೆ. ಅಲ್ಲೊಂದು ಪಟ್ಟಿ ಇದೆ. ಏಲಕ್ಕಿ, ದಾಲ್ಚಿನ್ನಿ, ಲವಂಗ, ಕೊತ್ತಂಬರಿ, ಜೀರಿಗೆ, ಮೆಂತ್ಯ, ಶುಂಠಿ, ಮೆಣಸು, ಕೇಸರಿ. ನಮ್ಮ ಸಾಂಬಾರ ಪೆಟ್ಟಿಗೆಯ ಮುಕ್ಕಾಲು ಭಾಗ ಅಮೆರಿಕದ ಸಿಎಫ್‌ಆರ್‌ನಲ್ಲಿ! ಆದರೆ ಅರಿಶಿನ, ಕೇಸರಿ, ಪಾಪ್ರಿಕಾ ಬಣ್ಣವನ್ನೂ ಕೊಡುತ್ತವೆ. ಹಾಗಾಗಿ ಅವನ್ನು ಹೆಸರಿಟ್ಟು ಬರೆಯಬೇಕು, ಇಲ್ಲವೇ 'ಮಸಾಲೆ ಮತ್ತು ಬಣ್ಣ' ಎನ್ನಬೇಕು. ನಾನು ಅರಿಶಿನ ಅಂತಲೇ ಬರೆದೆ. ಬಣ್ಣ ಅಂದರೆ ನಮ್ಮವರು ಬಾಟಲಿ ವಾಪಸ್ ಇಟ್ಟುಬಿಡುತ್ತಾರೆ.

ಚಟ್ನಿಪುಡಿಗೆ ಹಾಕುವ ಕೊಬ್ಬರಿ ಮಾತ್ರ ಬೇರೆಯದೇ ಪಾಠ ಹೇಳಿತು. ಕಾಯ್ದೆಯಲ್ಲಿ ಇರುವುದು 'ಮರದ ಬೀಜಗಳು, ಉದಾಹರಣೆಗೆ ಬಾದಾಮಿ, ಪೀಕನ್, ವಾಲ್ನಟ್' ಎಂದು ಮಾತ್ರ. ತೆಂಗು ಅದರಲ್ಲಿ ಸೇರುತ್ತದೋ ಇಲ್ಲವೋ ಕಾಯ್ದೆ ಹೇಳುವುದಿಲ್ಲ. ಎಫ್‌ಡಿಎ ತನ್ನ ಗೈಡೆನ್ಸ್‌ನಲ್ಲಿ ವರ್ಷಗಟ್ಟಲೆ ತೆಂಗನ್ನು ಆ ಪಟ್ಟಿಯಲ್ಲಿ ಇಟ್ಟಿತ್ತು. 2025ರ ಜನವರಿಯಲ್ಲಿ ಹೊಸ ಗೈಡೆನ್ಸ್ ಬಂತು, ತೆಂಗು ಪಟ್ಟಿಯಿಂದ ಹೊರಬಿತ್ತು. ಕಾಯ್ದೆ ಒಂದಕ್ಷರ ಬದಲಾಗಿಲ್ಲ. ನಿಯಮವೂ ಬದಲಾಗಿಲ್ಲ. ಇಲಾಖೆಯ ಅಭಿಪ್ರಾಯ ಬದಲಾಯಿತು, ಅಷ್ಟೇ. ಅಂತರ್ಜಾಲದಲ್ಲಿ ಈಗಲೂ 'ಕೊಬ್ಬರಿ ಅಲರ್ಜಿಕಾರಕ, ಕಡ್ಡಾಯವಾಗಿ ಬರೆಯಿರಿ' ಎನ್ನುವ ಹಳೇ ಪುಟಗಳು ನೂರಾರು. ಪದಾರ್ಥಗಳ ಪಟ್ಟಿಯಲ್ಲಿ ಕೊಬ್ಬರಿ ಹೇಗೂ ಬರೆದೇ ಇರುತ್ತೇವೆ. 'ಇದರಲ್ಲಿ ಇವು ಇವೆ' ಎನ್ನುವ ಅಲರ್ಜಿ ಸಾಲಿನಲ್ಲಿ ಬೇಕಿಲ್ಲ.

ಹಳೇ ಪುಟಗಳ ಕಾಟ ನಂಬರ್‌ಗಳಲ್ಲೂ ಇದೆ. ಬಾಟಲಿಯ ನಿವ್ವಳ ತೂಕ ಹೇಗೆ ಬರೆಯಬೇಕು ಎಂದು ಹುಡುಕಿದರೆ ಬಹಳ ಕಡೆ 101.105 ನೋಡಿ ಎಂದಿದೆ. ಎಐ ಚಾಟ್‌ಬಾಟ್ ಕೂಡ ಅದನ್ನೇ ಹೇಳಿತು, ಅದೂ ಎಷ್ಟು ಧೈರ್ಯವಾಗಿ! ಇ-ಸಿಎಫ್‌ಆರ್‌ಗೆ ಹೋದರೆ ಆ ಮನೆ ಖಾಲಿ. 2016ರಲ್ಲಿ ಆ ಸೆಕ್ಷನ್ನನ್ನು ಎತ್ತಿ 101.7ಕ್ಕೆ ಹಾಕಿದ್ದಾರೆ. ಇಂಥ ಸಂದರ್ಭದಲ್ಲಿ ಸೆಕ್ಷನ್ ಕೊನೆಯಲ್ಲಿ ಚೌಕ ಕಂಸದೊಳಗಿನ ಸಾಲು ಕೈಹಿಡಿಯುತ್ತದೆ. ಯಾವ ದಿನದ ಫೆಡರಲ್ ರಿಜಿಸ್ಟರ್‌ನಲ್ಲಿ ಹುಟ್ಟಿತು, ಯಾವಾಗ ತಿದ್ದಿದರು ಎಂಬ ಜಾತಕ ಪೂರ್ತಿ ಅಲ್ಲಿರುತ್ತದೆ. 'ಸಂಪುಟ 81, ಎಫ್‌ಆರ್, ಪುಟ ಇಂತಿಷ್ಟು' ಅಂತ. ಅದನ್ನು ಒತ್ತಿದರೆ ಫೆಡರಲ್ ರಿಜಿಸ್ಟರ್‌ನ ಆ ಪುಟಕ್ಕೇ ಹೋಗಬಹುದು. ಇ-ಸಿಎಫ್‌ಆರ್‌ನಲ್ಲಿ 2017ರಿಂದ ಈಚೆಗೆ ಬೇಕಾದ ದಿನಾಂಕ ಕೊಟ್ಟು, ಅವತ್ತು ನಿಯಮ ಹೇಗಿತ್ತು ಅಂತಲೂ ನೋಡಬಹುದು. ಅಚ್ಚಿನ ಸಿಎಫ್‌ಆರ್ ವರ್ಷಕ್ಕೊಮ್ಮೆ ಬರುತ್ತದೆ, 21ನೇ ಟೈಟಲ್ ಏಪ್ರಿಲ್ 1ರ ಲೆಕ್ಕಕ್ಕೆ. ಹಾಗಾಗಿ ಪಿಡಿಎಫ್ ತೆಗೆದರೆ ಅದರ ಮೇಲಿನ ದಿನಾಂಕ ನೋಡದೆ ಓದಬಾರದು.

ಫೆಡರಲ್ ರಿಜಿಸ್ಟರ್ ಹುಟ್ಟಿದ್ದರ ಹಿಂದೆ ಒಂದು ಒಳ್ಳೆ ಪ್ರಸಂಗ ಇದೆ. ಲೈಬ್ರರಿಯನ್ ಹೇಳಿದ್ದು, ಆಮೇಲೆ ನಾನೂ ಓದಿದೆ. 1930ರ ದಶಕದಲ್ಲಿ ಇಲಾಖೆಗಳು ರಾಶಿ ರಾಶಿ ನಿಯಮ ಮಾಡುತ್ತಿದ್ದವು, ಆದರೆ ಎಲ್ಲವನ್ನೂ ಒಂದು ಕಡೆ ಅಚ್ಚು ಹಾಕುವ ಪದ್ಧತಿ ಇರಲಿಲ್ಲ. ಟೆಕ್ಸಾಸ್‌ನ ತೈಲ ಕಂಪನಿಗಳ ಮೇಲೆ ಸರ್ಕಾರ ನಿಯಮ ಜಾರಿ ಮಾಡಲು ಹೋಯಿತು. 'ಪನಾಮಾ ರಿಫೈನಿಂಗ್' ಮೊಕದ್ದಮೆ ಸುಪ್ರೀಂ ಕೋರ್ಟ್ ತನಕ ಬಂತು. ಅಷ್ಟು ಹೊತ್ತಿಗೆ ಗೊತ್ತಾದದ್ದೇನೆಂದರೆ, ಯಾವ ನಿಯಮ ಮುರಿದಿದ್ದಾರೆ ಎಂದು ಹೇಳುತ್ತಿದ್ದರೋ ಆ ಪ್ಯಾರಾ 1933ರ ತಿದ್ದುಪಡಿಯೊಂದರಲ್ಲಿ ಅಕಸ್ಮಾತ್ ಬಿಟ್ಟುಹೋಗಿತ್ತು. ಇಲ್ಲದ ನಿಯಮ! ಅದು ಇಲ್ಲ ಎಂಬುದು ಎರಡೂ ಕಡೆಯವರಿಗೆ ಗೊತ್ತಿರಲಿಲ್ಲ. 1935ರ ಜನವರಿಯಲ್ಲಿ ತೀರ್ಪು ಬಂತು, ಅದೇ ವರ್ಷ ಜುಲೈನಲ್ಲಿ ಫೆಡರಲ್ ರಿಜಿಸ್ಟರ್ ಕಾಯ್ದೆ. 1936ರಲ್ಲಿ ಮೊದಲ ಸಂಚಿಕೆ. ವಾಟ್ಸಾಪ್‌ನಲ್ಲಿ ಯಾರಾದರೂ "ರೂಲ್ ಇದೆಯಂತೆ" ಎಂದಾಗಲೆಲ್ಲ ನನಗೆ ಈ ಪ್ಯಾರಾ ನೆನಪಾಗುತ್ತದೆ.

ಇಷ್ಟರಲ್ಲಿ ಎಫ್‌ಡಿಎ ಅಪ್ರೂವಲ್ ಎನ್ನುವುದೇನೂ ಲೇಬಲ್‌ಗೆ ಇಲ್ಲ ಎಂಬುದೂ ಸ್ಪಷ್ಟವಾಯಿತು. ಅಚ್ಚು ಹಾಕುವ ಮುಂಚೆ ಯಾರೂ ನೋಡುವುದಿಲ್ಲ. ಸರಿಯಾಗಿ ಹಾಕುವ ಹೊಣೆ ಮಾರುವವರದ್ದು. "ಏನೂ ಬೇಡ" ಎಂದವರದ್ದೂ ಅರ್ಧ ಸತ್ಯವೇ. ಪೌಷ್ಟಿಕಾಂಶದ ಚೌಕದಿಂದ ಸಣ್ಣವರಿಗೆ ವಿನಾಯಿತಿ ಇದೆ. 101.9ರಲ್ಲಿ ಪೂರ್ಣಾವಧಿ ನೌಕರರು ಹತ್ತಕ್ಕಿಂತ ಕಡಿಮೆ, ಆ ಪದಾರ್ಥದ ಮಾರಾಟ ವರ್ಷಕ್ಕೆ 10,000 ಬಾಟಲಿಗಿಂತ ಕಡಿಮೆ ಇದ್ದರೆ ಅರ್ಜಿ ಕೂಡ ಹಾಕಬೇಕಿಲ್ಲ. ಆದರೆ ಬಾಟಲಿ ಮೇಲೆ 'ಕೊಬ್ಬು ಕಡಿಮೆ' ಎನ್ನುವಂಥ ಒಂದು ಮಾತು ಬರೆದರೆ ಆ ವಿನಾಯಿತಿ ಹೋಯಿತು. ನನ್ನ ಗೊಜ್ಜಿನ ಬಗ್ಗೆ ಹಾಗೆ ಹೇಳುವ ಧೈರ್ಯ ಯಾರಿಗೂ ಇಲ್ಲ ಬಿಡಿ, ಅಷ್ಟು ಎಣ್ಣೆ ಇದೆ.

ನಿಜವಾದ ಪರೀಕ್ಷೆ ಉಪ್ಪಿನಕಾಯಿಯದ್ದು. 21 ಸಿಎಫ್‌ಆರ್, ಪಾರ್ಟ್ 114. 'ಆ್ಯಸಿಡಿಫೈಡ್' ಆಹಾರ, ಅಂದರೆ ಹುಳಿ ಸೇರಿಸಿದ ಆಹಾರ. 1979ರ ಮಾರ್ಚ್‌ನ ನಿಯಮ. ಪಿಎಚ್ ಅಂದರೆ ಹುಳಿಯ ಅಳತೆ, ನಂಬರ್ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಅದು 4.6ಕ್ಕಿಂತ ಜಾಸ್ತಿ ಇದ್ದರೆ ಮುಚ್ಚಿದ ಬಾಟಲಿಯೊಳಗೆ ಬಾಟ್ಯುಲಿಸಂ ವಿಷ ಮಾಡುವ ಸೂಕ್ಷ್ಮಜೀವಿ ಬೆಳೆಯಬಹುದು. ಅದನ್ನು ತಡೆಯುವುದೇ ಇದರ ಉದ್ದೇಶ. ಇಡೀ ಪಾರ್ಟ್‌ನ ಜೀವ ಇರುವುದು 114.3ರಲ್ಲಿ, ವ್ಯಾಖ್ಯೆಗಳಲ್ಲಿ. ಅದನ್ನು ಪದ ಪದ ಬಿಡಿಸಿ ಓದಿದೆ. ಸಹಜವಾಗಿಯೇ ಪಿಎಚ್ 4.6 ಅಥವಾ ಕಡಿಮೆ ಇದ್ದರೆ ಅದು 'ಆ್ಯಸಿಡ್ ಆಹಾರ'. ಹುಳಿ ಕಡಿಮೆ ಇರುವ ಪದಾರ್ಥಕ್ಕೆ ಹೊರಗಿನಿಂದ ಹುಳಿ ಸೇರಿಸಿ 4.6ಕ್ಕೆ ಇಳಿಸಿದರೆ ಅದು 'ಆ್ಯಸಿಡಿಫೈಡ್'. ಮೊದಲನೆಯದಕ್ಕೆ ಪಾರ್ಟ್ 114 ಇಲ್ಲ. ಎರಡನೆಯದಕ್ಕೆ ಪೂರ್ತಿ ಇದೆ. ಜೊತೆಗೆ 'ವಾಟರ್ ಆ್ಯಕ್ಟಿವಿಟಿ', ಅಂದರೆ ಸೂಕ್ಷ್ಮಜೀವಿಗಳ ಬಳಕೆಗೆ ಸಿಗುವ ನೀರಿನ ಅಳತೆ, 0.85ಕ್ಕಿಂತ ಜಾಸ್ತಿ ಇರಬೇಕು ಎಂಬ ಷರತ್ತು. ಹಾಗಾಗಿ ಒಣ ಚಟ್ನಿಪುಡಿ ಆಚೆ ಹೋಯಿತು. ನಿಂಬೆಹಣ್ಣು ಮೂಲದಲ್ಲೇ ಹುಳಿ. ಮಾವಿನಕಾಯಿಯೂ ಹುಳಿಯೇ, ಆದರೆ ಅದೇ ಸೆಕ್ಷನ್‌ನ ಉದಾಹರಣೆಗಳಲ್ಲಿ 'ಉಷ್ಣವಲಯದ ಹಣ್ಣುಗಳು' ಎಂಬ ಮಾತಿದೆ, ಹಾಗಾಗಿ ಅನುಮಾನ. ಕ್ಯಾರೆಟ್, ಹಸಿಮೆಣಸಿನಕಾಯಿ, ಹೂಕೋಸು ಹಾಕಿದ ಮಿಶ್ರ ಉಪ್ಪಿನಕಾಯಿ ಮಾತ್ರ ನೇರ ಬಲೆಗೆ ಬೀಳುತ್ತದೆ. ಹೂಕೋಸು, ಮೆಣಸಿನಕಾಯಿ ಎರಡೂ ಆ ಪಟ್ಟಿಯಲ್ಲಿ ಹೆಸರಿಟ್ಟೇ ಇವೆ.

ಇಲ್ಲಿಗೆ ಓದು ಮುಗಿದು ಅಳತೆ ಶುರುವಾಗುತ್ತದೆ. ಪಿಎಚ್ ಹೇಗೆ ನೋಡಬೇಕು ಎಂಬುದೂ 114.90ರಲ್ಲಿ ಅಡುಗೆ ಪುಸ್ತಕದ ಧಾಟಿಯಲ್ಲೇ ಬರೆದಿದೆ. ಎಣ್ಣೆ ಇದ್ದರೆ ಮೊದಲು ಬೇರೆ ಮಾಡಿ. ಗಟ್ಟಿ ಪದಾರ್ಥ ರುಬ್ಬಿ. ಬೇಕಾದರೆ 100 ಗ್ರಾಂಗೆ 10ರಿಂದ 20 ಮಿಲಿ ಭಟ್ಟಿ ಇಳಿಸಿದ ನೀರು ಸೇರಿಸಿ. ಪಿಎಚ್ 4.0ಕ್ಕಿಂತ ಜಾಸ್ತಿ ಇದ್ದರೆ ಬಣ್ಣದ ಕಾಗದ ಸಾಲದು, ಮೀಟರೇ ಬೇಕು. ನಾನು ಮನೆಯಲ್ಲಿ ಮೀಟರ್ ಇಟ್ಟುಕೊಂಡೆ, ಆದರೆ ತೀರ್ಮಾನಕ್ಕೆ ವಿಶ್ವವಿದ್ಯಾಲಯದ ಲ್ಯಾಬ್‌ಗೆ ಕಳಿಸಿದೆ. ಗೊಜ್ಜು, ನಿಂಬೆ, ಮಾವು ಮೂರೂ ಪಾರ್ಟ್ 114ರ ಹೊರಗೆ ಎಂದು ಅವರು ಬರೆದುಕೊಟ್ಟರು. ಮಿಶ್ರ ಉಪ್ಪಿನಕಾಯಿ ಒಳಗೆ. ಅಂದರೆ 108.25ರ ಪ್ರಕಾರ ಕೆಲಸ ಶುರು ಮಾಡಿದ 10 ದಿನದೊಳಗೆ ನೋಂದಣಿ, ಮಾಡುವ ವಿಧಾನವನ್ನು ಬರೆದು ಸಲ್ಲಿಸುವುದು, ಮೇಲ್ವಿಚಾರಕರು ಮಾನ್ಯತೆ ಪಡೆದ ತರಬೇತಿ ಮುಗಿಸಿರುವುದು. ಸದ್ಯಕ್ಕೆ ಅದನ್ನು ಮನೆಯವರಿಗೆ ಮಾತ್ರ ಮಾಡುತ್ತೇನೆ.

ಕಾನೂನು ಓದುವುದು ಬೇರೆ, ನನ್ನ ಬಾಟಲಿಗೆ ಅದು ಹೇಗೆ ಅನ್ವಯಿಸುತ್ತದೆ ಅಂತ ನಿರ್ಧರಿಸುವುದು ಬೇರೆ. ಎರಡನೆಯದಕ್ಕೆ ಲ್ಯಾಬ್, ಬೇಕಾದರೆ ವಕೀಲರು. ಆದರೆ ಅವರ ಹತ್ತಿರ ಹೋಗುವಾಗ ಸೆಕ್ಷನ್ ನಂಬರ್ ಕೈಯಲ್ಲಿದ್ದರೆ ಮಾತು ಚುಟುಕಾಗಿ ಮುಗಿಯುತ್ತದೆ, ಬಿಲ್ಲೂ ಅಷ್ಟೇ.

ಈಗ ಫೆಡರಲ್ ರಿಜಿಸ್ಟರ್‌ನಿಂದ ಲೇಬಲ್ ವಿಷಯದ್ದು ಏನೇ ಬಂದರೂ ನನಗೆ ಇಮೇಲ್ ಬರುತ್ತದೆ. ಹಾಗೆ ಸಿಕ್ಕಿದ್ದು 2025ರ ಜನವರಿಯ ಕರಡು ನಿಯಮ. ಪೊಟ್ಟಣದ ಮುಂಭಾಗದಲ್ಲೇ ಸ್ಯಾಚುರೇಟೆಡ್ ಕೊಬ್ಬು, ಸೋಡಿಯಂ, ಸೇರಿಸಿದ ಸಕ್ಕರೆ 'ಕಡಿಮೆ, ಮಧ್ಯಮ, ಜಾಸ್ತಿ' ಅಂತ ಒಂದು ಚೌಕದಲ್ಲಿ ಹಾಕಬೇಕು ಎನ್ನುವುದು. ದಿನದ ಮಿತಿಯ ನೂರಕ್ಕೆ 20 ಮುಟ್ಟಿದರೆ 'ಜಾಸ್ತಿ'. ಲೆಕ್ಕ ಒಂದು ಸಲಕ್ಕೆ ಬಡಿಸಿಕೊಳ್ಳುವ ಪ್ರಮಾಣದ ಮೇಲೆ. 101.12ರ ಕೋಷ್ಟಕದಲ್ಲಿ ಪಿಕಲ್‌ಗೆ ಆ ಪ್ರಮಾಣ ಎಷ್ಟು ಗೊತ್ತಾ? 30 ಗ್ರಾಂ! ಸೌತೆಕಾಯಿ ಪಿಕಲ್ ಮನಸ್ಸಿನಲ್ಲಿಟ್ಟು ಬರೆದದ್ದು. ನಮ್ಮಲ್ಲಿ ಎಲೆಯ ತುದಿಗೆ ಹಾಕುವುದು ಐದು ಗ್ರಾಂ ಇದ್ದರೆ ಹೆಚ್ಚು. ಉಪ್ಪು ನೂರಕ್ಕೆ ಹತ್ತು ಅಂತ ಇಟ್ಟುಕೊಂಡರೆ 30 ಗ್ರಾಂನಲ್ಲಿ ಸೋಡಿಯಂ ಸುಮಾರು 1,180 ಮಿಲಿಗ್ರಾಂ, 2,300ರ ದಿನದ ಮಿತಿಯಲ್ಲಿ ಅರ್ಧ. ಐದು ಗ್ರಾಂನಲ್ಲಾದರೆ 200ರ ಆಸುಪಾಸು, ನೂರಕ್ಕೆ ಒಂಬತ್ತು, ಅಂದರೆ 'ಮಧ್ಯಮ'.

ಈ ಲೆಕ್ಕವನ್ನೇ ಬರೆದು, ಕರಡಿನ ಡಾಕೆಟ್ ನಂಬರ್ (ಕಡತದ ಸಂಖ್ಯೆ) ಹಾಕಿ, ರೆಗ್ಯುಲೇಷನ್ಸ್ ಡಾಟ್ ಗವ್ ತಾಣದಲ್ಲಿ ನನ್ನ ಅಭಿಪ್ರಾಯ ಸಲ್ಲಿಸಿದೆ. 1946ರ ಆಡಳಿತ ವಿಧಾನ ಕಾಯ್ದೆಯಡಿ ಕರಡಿಗೆ ಯಾರು ಬೇಕಾದರೂ ಬರೆಯಬಹುದು, ನಾಗರಿಕರೇ ಆಗಬೇಕೆಂದಿಲ್ಲ. ಮುಖ್ಯ ಆಕ್ಷೇಪಗಳಿಗೆ ಇಲಾಖೆ ಅಂತಿಮ ನಿಯಮದ ಪೀಠಿಕೆಯಲ್ಲಿ ಉತ್ತರ ಕೊಡಬೇಕು. ಪೀಠಿಕೆ ಎಷ್ಟೋ ಸಲ ನಿಯಮಕ್ಕಿಂತ ಹತ್ತು ಪಟ್ಟು ಉದ್ದ ಇರುತ್ತದೆ. ಅದು ಬಂದ ದಿನ ನನ್ನ ಮೊದಲ ಕೆಲಸ ಗೊತ್ತಿದೆ: ಕಂಟ್ರೋಲ್ ಎಫ್ ಒತ್ತಿ 'ಪಿಕಲ್' ಅಂತ ಹುಡುಕುವುದು.